ಅವ್ವ ಮುಟ್ಟದ ಬಾಗಿಲು

ನಮ್ಮಕ್ಕನ ಮದುವೆ ಮುರಿದದ್ದು ನಾನು. ಊರು ಅದಕ್ಕೆ ಗ್ರಹಚಾರ ಅಂದಿತು. ಮಾವನ ಮನೆಯವರು ಅವ್ವನ ಮೋಸ ಅಂದರು. ಅಕ್ಕ ನನ್ನನ್ನು ಏನೂ ಅನ್ನಲಿಲ್ಲ. ಎಂಟು ವರ್ಷದ ಹುಡುಗಿಯೊಬ್ಬಳು ಮನೆ ಸಿಂಗರಿಸಿದವಳು ತಾನೇ ಎಂದು ನೆಂಟರ ಮುಂದೆ ಜಂಬ ಕೊಚ್ಚಿದಳು, ಆದದ್ದು ಅಷ್ಟೇ. ಆ ಹುಡುಗಿಗೆ ಏನೂ ಗೊತ್ತಿರಲಿಲ್ಲ ಎನ್ನುವುದು ನಿಜ. ಗೊತ್ತಿದ್ದು ಬೀಳಿಸಿದರೂ ಗೊತ್ತಿಲ್ಲದೆ ಬೀಳಿಸಿದರೂ ಮನೆ ಬೀಳುವುದು ಒಂದೇ ಥರ. ಈಗ ನನಗೆ ಮೊಮ್ಮಕ್ಕಳಿದ್ದಾರೆ. ಹಬ್ಬ ಬಂದರೆ ಬಾಗಿಲಿಗೆ ಹೂ ಕಟ್ಟು ಅಜ್ಜಿ ಅನ್ನುತ್ತಾರೆ, ನೀವೇ ಕಟ್ಟಿಕೊಳ್ಳಿ ಅನ್ನುತ್ತೇನೆ. ಯಾಕೆ, ಯಾಕೆ ಎಂದು ಕೇಳಿ ತಲೆ ತಿಂದದ್ದರಿಂದ ಇದನ್ನು ಬರೆಯಲು ಕೂತೆ. ನಮ್ಮೂರಲ್ಲಿ ನಮ್ಮ ಮಾತು ಮನೆಯೊಳಗೆ ಮಾತ್ರ. ಬರೆಯುವುದೆಲ್ಲ ತಮಿಳು, ಅದೂ ಗಂಡಸರಿಗೆ. ನಾನು ಕನ್ನಡದ ಅಕ್ಷರ ತಿದ್ದಿದ್ದು ಮಗನ ಜೊತೆ ಮೈಸೂರು ಸೀಮೆಗೆ ಬಂದ ಮೇಲೆ, ಮೊಮ್ಮಗಳ ಸ್ಲೇಟಿನ ಮೇಲೆ. ತಪ್ಪಿದ್ದರೆ ಇರಲಿ.

ಕಾಮಯಗೌಂಡನ್‌ಪಟ್ಟಿಯಲ್ಲಿ ನಮ್ಮದು ಮಣ್ಣಿನ ಗೋಡೆಯ, ಹುಲ್ಲು ಹೊದಿಸಿದ ಮನೆ. ಮುಂದೆ ಜಗುಲಿ, ಒಳಗೆ ಒಂದು ನಡುಮನೆ, ಅದರ ಬಲಕ್ಕೆ ಅಡಿಗೆಯ ಮೂಲೆ, ಎಡಕ್ಕೆ ದನದ ಕೊಟ್ಟಿಗೆ. ಕೊಟ್ಟಿಗೆಗೂ ನಮಗೂ ನಡುವೆ ಎದೆಮಟ್ಟದ ಗೋಡೆ. ಮಲಗಿದರೆ ಎತ್ತು ಮೆಲುಕು ಹಾಕುವುದು ಕೇಳಬೇಕು, ಕೇಳದಿದ್ದರೆ ಅಜ್ಜಿ ಎದ್ದು ಹೋಗಿ ಮೂಗು ಮುಟ್ಟಿ ನೋಡಿ ಬರುವಳು. ಅಜ್ಜಿ ಅಂದರೆ ಅಪ್ಪನ ಅವ್ವ. ಅವಳಿಗೆ ಕಣ್ಣು ಅರ್ಧ ಹೋಗಿತ್ತು, ಬೆಳ್ಳಗಿರುವುದು ಮಾತ್ರ ಕಾಣುತ್ತಿತ್ತು. ಸುಣ್ಣ ಹೊಡೆದ ಗೋಡೆ ಕಾಣುತ್ತಿತ್ತು, ಮಗನ ಮುಖ ಕಾಣುತ್ತಿರಲಿಲ್ಲ. ಹಗಲೆಲ್ಲ ಜಗುಲಿಯಲ್ಲಿ ಕೂತು ಯಾರು ಹೋದರು, ಯಾರು ಬಂದರು ಎಂದು ಕಾಲಿನ ಸದ್ದಿನಲ್ಲೇ ಹೇಳುವಳು. ಉಳಿದವರು ತಿಮ್ಮಕ್ಕ ಎಂಬ ನಮ್ಮವ್ವ, ಅಕ್ಕ, ನಾನು. ಅಕ್ಕನ ಹೆಸರು ಲಕ್ಕಮ್ಮ, ನಾನು ಲಕ್ಕಕ್ಕ ಅನ್ನುತ್ತಿದ್ದೆ. ನನ್ನನ್ನು ಎಲ್ಲರೂ ನಾಗಿ ಅನ್ನುತ್ತಿದ್ದರು. ಅಪ್ಪ ಮನೆಯಲ್ಲಿರಲಿಲ್ಲ. ಮಲೆಯ ಮೇಲೆ ದೊರೆಗಳು ನದಿಗೆ ಅಣೆ ಕಟ್ಟಿಸುತ್ತಿದ್ದರು, ಗಾಡಿ ಇದ್ದವರೆಲ್ಲ ಸುಣ್ಣದ ಕಲ್ಲು ಹೇರಿಕೊಂಡು ಹತ್ತುತ್ತಿದ್ದರು. ಉಳುವ ಎತ್ತುಗಳನ್ನು ಮನೆಯಲ್ಲಿ ಬಿಟ್ಟು ಅಪ್ಪನೂ ಹತ್ತಿದ. ಎರಡು ಹಬ್ಬಕ್ಕೆ ಇಳಿದು ಬಂದಿದ್ದ, ಮೂರನೆಯದಕ್ಕೆ ಬರಬೇಕಿತ್ತು.

ಆ ವರ್ಷ ಸಂಕ್ರಾಂತಿಗೆ ಹುಟ್ಟುವ ತೈ ತಿಂಗಳಲ್ಲಿ ಅಕ್ಕನ ಮದುವೆ ಮಾಡಬೇಕೆಂದಿತ್ತು. ಹುಡುಗ ಬೇರೆ ಯಾರೂ ಅಲ್ಲ, ಕೊಂಬೈಯಲ್ಲಿದ್ದ ಅವ್ವನ ಅಣ್ಣನ ಮಗ. ನಮ್ಮಲ್ಲಿ ಸೋದರಮಾವನ ಮಗನಿಗೆ ಕೊಡುವುದು ಹಕ್ಕು. ಮಾವನಿಗೆ ಮನಸ್ಸಿತ್ತು. ಮಾವನ ಹೆಂಡತಿ ಕಾಮಕ್ಕತ್ತೆಗೆ ಇರಲಿಲ್ಲ. ಅವಳಿಗೆ ತನ್ನ ತಮ್ಮನ ಮಗಳನ್ನು ತಂದುಕೊಳ್ಳುವ ಆಸೆ, ಆ ಹುಡುಗಿಯ ಬೆನ್ನಿಗೆ ಒಂದು ಬಾವಿ, ಮೂರು ತುಂಡು ತೋಟ. ಕಾರಣ ಇಲ್ಲದೆ ಬೇಡ ಅನ್ನುವ ಹಾಗಿರಲಿಲ್ಲವಾದ್ದರಿಂದ ಅವಳು ಕಾರಣಕ್ಕೆ ಕಾಯುತ್ತಿದ್ದಳು. ಅವ್ವನಿಗೆ ಅದು ಗೊತ್ತಿತ್ತು. ಗೋಡೆಯಲ್ಲಿ ಒಂದು ಬಿರುಕು ಕಂಡರೂ ಇದನ್ನು ನಿಮ್ಮತ್ತೆ ಕಾಣ್ತಾಳೆ ಎನ್ನುತ್ತ ಮಣ್ಣು ಕಲಸುವಳು. ದೀಪಾವಳಿ ಹೊತ್ತಿನ ಐಪ್ಪಸಿಯ ಮಳೆ ನಿಂತ ಕೂಡಲೇ ನಮ್ಮ ಮನೆಯ ಕೆಲಸ ಶುರುವಾಯಿತು. ಮಳೆಗೆ ಕರಗಿದ ಗೋಡೆಯ ಬುಡಕ್ಕೆ ಕೆರೆಯ ಮಣ್ಣು, ಹೊಟ್ಟು, ಸಗಣಿ ಸೇರಿಸಿ ಮೆತ್ತುವುದು. ಅದು ಒಣಗಿದ ಮೇಲೆ ಸುಣ್ಣ. ಸುಣ್ಣದ ಮೇಲೆ ಮೊಣಕಾಲೆತ್ತರಕ್ಕೆ ಕೆಮ್ಮಣ್ಣಿನ ಪಟ್ಟೆ. ಪಟ್ಟೆ ಎಳೆಯುವುದು ಅಕ್ಕನ ಕೆಲಸ. ನಾನು ಬಟ್ಟೆಯ ಉಂಡೆಯನ್ನು ಅವಳ ಕೈಯಿಂದ ಕಿತ್ತುಕೊಂಡು ಒಂದು ಕಡೆ ಸೊಟ್ಟ ಎಳೆದದ್ದಕ್ಕೆ ಅವಳು ನನ್ನ ತೊಡೆ ಚಿವುಟಿದಳು, ನಾನು ಅವಳ ಜಡೆಗೆ ಕೆಮ್ಮಣ್ಣು ಮೆತ್ತಿದೆ, ಅವ್ವ ಇಬ್ಬರಿಗೂ ಪೊರಕೆಯಲ್ಲಿ ಕೊಟ್ಟಳು. ಆ ಮನೆಯಲ್ಲಿ ನಾವು ಸರಿಯಾಗಿ ಜಗಳವಾಡಿದ್ದು ಅದೇ ಕೊನೆ.

ಸುಣ್ಣ ನೆನೆಹಾಕಿದ ದಿನ ಚೆನ್ನಯ್ಯ ಬಂದ. ಅವನು ಅಪ್ಪನ ಜೊತೆ ಗಾಡಿ ಹೊಡೆಯುವವನು, ಪಕ್ಕದ ಬೀದಿಯವನೇ. ಮಧ್ಯಾಹ್ನದ ಹೊತ್ತು, ಅಜ್ಜಿ ಒಳಗೆ ಮಲಗಿದ್ದಳು, ಅಕ್ಕ ನೀರಿಗೆ ಹೋಗಿದ್ದಳು. ಸುಣ್ಣದ ಮಡಕೆ ಕೊತಕೊತ ಕುದಿಯುತ್ತಿತ್ತು, ಸಿಡಿದರೆ ಕಣ್ಣು ಹೋಗುತ್ತದೆಂದು ನನ್ನನ್ನು ದೂರ ಕೂರಿಸಿದ್ದರು. ಅವ್ವ ಉದ್ದದ ಕೋಲಿನಲ್ಲಿ ತಿರುವುತ್ತಿದ್ದಳು. ಚೆನ್ನಯ್ಯ ಅವಳನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದ. ಅವನ ಕಂಕುಳಲ್ಲಿ ಅಪ್ಪನ ಕಂಬಳಿ ಇತ್ತು, ನಾನು ಅದರ ಅಂಚಿನಿಂದ ಗುರುತು ಹಿಡಿದೆ. ಬಹಳ ಹೊತ್ತೇನೂ ಮಾತಾಡಲಿಲ್ಲ. ಚೆನ್ನಯ್ಯ ಅವ್ವನ ಮಾತಿಗೆ ತಲೆಯಾಡಿಸಿ, ಬೀದಿಗೆ ಬಾರದೆ ಹಿತ್ತಿಲಿಂದಲೇ ಮಲೆಗೆ ಮರಳಿದ, ಅವ್ವ ಕಂಬಳಿಯನ್ನು ಅಟ್ಟದ ಮೇಲೆ ಎಸೆದು ಬಂದು ಮತ್ತೆ ಕೋಲು ಹಿಡಿದಳು. ಅಪ್ಪ ಯಾವಾಗ ಬರ್ತಾನೆ ಅಂತ ಕೇಳಿದೆ. ಪೊಂಗಲಿಗೆ ಬರ್ತಾನಂತೆ, ಗಾಡಿಯಲ್ಲಿ ಜಾಗ ಸಾಲದು ಅಂತ ಕಂಬಳಿ ಮುಂಚೆ ಕಳಿಸಿದಾನೆ ಅಂದಳು. ನಾನು ನಂಬಿದೆ. ಚಳಿಗಾಲ ಶುರುವಾಗುವಾಗ ಮಲೆಯ ಮೇಲಿದ್ದವನು ಕಂಬಳಿಯನ್ನು ಕೆಳಕ್ಕೆ ಕಳಿಸುವುದಿಲ್ಲ ಎಂದು ಎಂಟು ವರ್ಷದವಳಿಗೆ ತೋಚಲಿಲ್ಲ. ಸುಣ್ಣ ತಣ್ಣಗಾಗಿ ತಳ ಹಿಡಿದಿತ್ತು, ಅವ್ವ ಕೋಲು ಆಡಿಸುತ್ತಲೇ ಇದ್ದಳು. ಸಂಜೆಯಾಗುವುದರೊಳಗೆ ಮನೆಯ ಮುಂಭಾಗಕ್ಕೆಲ್ಲ ಒಬ್ಬಳೇ ಸುಣ್ಣ ಹೊಡೆದು ಮುಗಿಸಿದಳು. ಅಜ್ಜಿ ಎದ್ದು ಬಂದು ಗೋಡೆ ನೋಡಿ, ನಲ್ಲಾ ಬೆಳಗ್ತಾ ಅದೆ, ನನ್ನ ಮಗ ದೂರದಿಂದಲೇ ಇದನ್ನ ಕಾಣ್ತಾನೆ ಅಂದಳು.

ನಾಲ್ಕು ದಿನಕ್ಕೆ ಕಾರ್ತಿಗೆ ದೀಪದ ಹಬ್ಬ. ನಮ್ಮ ಮನೆಯಲ್ಲಿ ಮೊದಲ ದೀಪ ಮನೆಯ ಒಡತಿ ಹಚ್ಚಬೇಕು, ಅದರಿಂದ ಮಿಕ್ಕವರು ಹಚ್ಚಿಕೊಳ್ಳಬೇಕು. ಅವ್ವ ಹಣತೆ ತೊಳೆದು ಒಣಗಿಸಿದಳು, ಹಳೆಯ ಸೀರೆ ಹರಿದು ಬತ್ತಿ ಹೊಸೆದಳು, ಹರಳೆಣ್ಣೆ ಬಿಟ್ಟಳು, ಹೊಸಿಲ ಎರಡು ಕಡೆ, ಜಗುಲಿಯ ಅಂಚಿಗೆ, ತುಳಸಿಯ ಮುಂದೆ, ಕೊಟ್ಟಿಗೆಯ ಗೂಡಿನಲ್ಲಿ, ಸಗಣಿ ಗುಂಡಿಯ ಮೇಲೂ ಒಂದು, ಎಲ್ಲ ಸಾಲಾಗಿ ಇಟ್ಟಳು. ಒಲೆಯಿಂದ ಕೊಳ್ಳಿ ತಂದಳು. ತಂದು ನನ್ನ ಕೈಗೆ ಕೊಟ್ಟಳು.

“ನಾಗಿ, ನನ್ ಕಣ್ಣು, ನೀ ಹಚ್ಚು.”

“ನಾನಾ? ಮೊದಲ್ನೇದಾ?”

“ಹೂಂ. ದೊಡ್ಡೋಳಾದೆಯಲ್ಲ.”

ಅಷ್ಟೇ. ಆವತ್ತು ನನ್ನ ಕಾಲು ನೆಲದ ಮೇಲಿರಲಿಲ್ಲ. ಇಡೀ ಬೀದಿಯಲ್ಲಿ ಮೊದಲ ದೀಪ ಹಚ್ಚಿದ ಹುಡುಗಿ ನಾನೊಬ್ಬಳೇ ಎಂದು ಪಕ್ಕದ ಮನೆಯವರಿಗೂ ಹೇಳಿ ಬಂದೆ, ಅವರು ನಕ್ಕರು. ಮಾರನೆಯ ದಿನದಿಂದ ಸಂಜೆಯ ದೀಪ ನನ್ನದಾಯಿತು. ಶುಕ್ರವಾರ ಹೊಸಿಲಿಗೆ ಅರಿಸಿನ ಬಳಿದು ಕುಂಕುಮ ಇಡುವುದು ನನ್ನದಾಯಿತು. ಅರಿಸಿನ ಅರೆದು ಕೊಡುವವಳು ಅವ್ವ, ಇಡುವವಳು ನಾನು. ಅಕ್ಕನಿಗೆ ಹೊಟ್ಟೆಕಿಚ್ಚು. ನಾನು ದೊಡ್ಡೋಳು, ಮದುವೆ ನಂದು, ಇವಳ ಕೈಯಲ್ಲಿ ಯಾಕೆ ಮಾಡಿಸ್ತೀಯ ಅಂತ ಕೇಳಿದಳು. ಮದುವೆಗೆ ನಿಂತ ಹುಡುಗಿ ಮಂಜಿಗೆ ಮೈ ಕೊಡಬಾರದು, ಒಳಗಿರು ಅಂದಳು ಅವ್ವ. ಈಗ ನನಗೆ ಅರ್ಥವಾಗುತ್ತದೆ. ಅಕ್ಕನಿಗೆ ಆ ಕೆಲಸ ಕೊಟ್ಟಿದ್ದರೆ ಎರಡನೆಯ ದಿನವೇ, ನಿನ್ನ ಕೈಗೇನಾಯ್ತು ಅಂತ ಕೇಳುತ್ತಿದ್ದಳು. ನಾನು ಕೇಳುವವಳಲ್ಲ, ಹಿಗ್ಗುವವಳು. ಅವ್ವ ನನ್ನನ್ನು ಆರಿಸಿಕೊಂಡದ್ದು ಅದಕ್ಕೇ.

ಇನ್ನೊಂದನ್ನು ನಾನು ಕಣ್ಣಾರೆ ಕಂಡೆ, ಕಂಡೂ ಕಾಣದ ಹಾಗಿದ್ದೆ. ಅವ್ವ ಹೊರಗೆ ಹೊರಡುವಾಗ ಬಾಗಿಲ ಮರೆಯಲ್ಲಿ ನಿಂತು ಹಣೆಗೆ ಕುಂಕುಮ ಇಟ್ಟುಕೊಳ್ಳುವಳು, ತಲೆಗೆ ಒಂದು ಎಳೆ ಹೂ ಸಿಕ್ಕಿಸುವಳು. ಮನೆಯೊಳಕ್ಕೆ ಬಂದ ಕೂಡಲೇ ಸೆರಗಿನಿಂದ ಹಣೆ ಒರೆಸುವಳು, ಹೂವನ್ನು ಕಿತ್ತು ಎತ್ತಿನ ಮೇವಿನೊಳಗೆ ಹಾಕುವಳು. ಬಡಿಸುವಾಗ ಕೂಡ ಅವಳದು ಬೇರೆಯಾಯಿತು. ಅವರೆಕಾಯಿಯ ಕಾಲ ಅದು. ಕೇಪೆ, ಅಂದರೆ ರಾಗಿಯ ಮುದ್ದೆಗೆ ಅವರೆಯ ಹುಳಿ, ಅದಕ್ಕೆ ಸುಟ್ಟ ಬೆಳ್ಳುಳ್ಳಿ. ನಮಗೆ ಬಿಸಿ ಬಿಸಿ ಹಾಕಿ ತಾನು ಹಿಂದಿನ ದಿನದ ಅಂಬಲಿಗೆ ಉಪ್ಪು ಹಾಕಿಕೊಂಡು ಒಲೆಯ ಕಡೆ ಮುಖ ಮಾಡಿ ಕುಡಿಯುವಳು. ಹಲ್ಲು ನೋವು ಅನ್ನುತ್ತಿದ್ದಳು. ಎರಡು ತಿಂಗಳು ಹಲ್ಲು ನೋವು. ಅವಳು ಅತ್ತದ್ದನ್ನು ಯಾರಾದರೂ ಕಂಡಿದ್ದರೆ ಅದು ನಮ್ಮ ಎತ್ತುಗಳೇ. ನಮಗೆ ಕಾಣಿಸಲಿಲ್ಲ.

ಮಾರ್ಗಳಿ, ಅಂದರೆ ಧನುರ್ಮಾಸ, ಹುಟ್ಟಿತು. ಆ ತಿಂಗಳು ನಮ್ಮ ಕಡೆ ಮದುವೆ ಇಲ್ಲ, ಮುಂಜಿ ಇಲ್ಲ, ಶುಭದ ಮಾತೇ ಇಲ್ಲ. ಆದರೆ ಬಾಗಿಲ ಮುಂದೆ ಇರುವ ಸಿಂಗಾರ ಬೇರೆ ಯಾವ ತಿಂಗಳಲ್ಲೂ ಇಲ್ಲ. ಬೆಳ್ಳಿ ಮೂಡುವಾಗ ಎದ್ದು ಸಗಣಿ ನೀರು ಹಾಕಿ ಗುಡಿಸಿ, ಅಕ್ಕಿ ಹಿಟ್ಟಿನಲ್ಲಿ ಕೋಲ ಬಿಡಿಸಬೇಕು. ಕೋಲ ಅಂದರೆ ರಂಗೋಲಿ. ಅದರ ನಡುವೆ ಸಗಣಿಯ ಉಂಡೆ ಇಟ್ಟು ಉಂಡೆಯ ನೆತ್ತಿಗೆ ಕುಂಬಳದ ಹೂ ಸಿಕ್ಕಿಸಬೇಕು. ಯಾರ ಮನೆಯ ಮುಂದೆ ಹೂ ಹೆಚ್ಚೋ ಆ ಮನೆಯಲ್ಲಿ ಮದುವೆಗೆ ಬಂದ ಹೆಣ್ಣಿದೆ ಎಂದು ದಾರಿಹೋಕರಿಗೂ ತಿಳಿಯುತ್ತಿತ್ತು. ಬಿಸಿಲೇರಿದ ಮೇಲೆ ಉಂಡೆಯನ್ನು ಹೂವಿನ ಸಮೇತ ತಟ್ಟಿ ಗೋಡೆಗೆ ಬಡಿದರೆ ಬೆರಣಿಯಾಗುತ್ತದೆ. ಇಡೀ ತಿಂಗಳ ಬೆರಣಿಯನ್ನು ಕೂಡಿಟ್ಟು ಪೊಂಗಲ್ ದಿನದ ಮಡಕೆಗೆ ಅದನ್ನೇ ಉರಿ ಹಾಕಬೇಕು. ಹೂ ಕೊಯ್ಯುವವಳು ನಾನು, ಉಂಡೆ ಕಟ್ಟುವವಳು ನಾನು, ಕೋಲ ಬಿಡಿಸುವವಳು ನಾನು. ಕುಂಬಳದ ಬಳ್ಳಿ ಕೊಟ್ಟಿಗೆಯ ಮಾಡಿಗೆ ಹಬ್ಬಿತ್ತು, ಹೂ ಬಾಯಿ ಬಿಡುವುದು ಬೆಳಕು ಹರಿಯುವ ಮುಂಚೆ, ಆಗಲೇ ಕೊಯ್ಯಬೇಕು. ಬುಡದಲ್ಲಿ ಕಾಯಿ ಕಚ್ಚಿದ ಹೂ ಬೇಡ, ಬರೀ ತೊಟ್ಟಿನ ಹೂ ಕೊಯ್ಯಿ ಅಂತ ಅವ್ವ ಕೆಳಗೆ ನಿಂತು ಹೇಳುವಳು. ನಾನು ಇಳಿದರೆ ನನ್ನ ಕಾಲು ತನ್ನ ಸೆರಗಿನಲ್ಲಿ ಒರೆಸುವಳು. ಬಾಗಿಲಿಗಿಡುವ ಹೂವನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಮಡಿಲಿನಿಂದ ಒಂದು ಜಾರಿ ಬಿದ್ದರೂ ತಾನು ಬಗ್ಗದೆ, ಬಿತ್ತು ನೋಡು ಅನ್ನುವಳು.

ಮಲೆಯ ಮಂಜು ಇಳಿದು ಎದುರು ಮನೆ ಕಾಣದ ಬೆಳಿಗ್ಗೆಗಳು ಅವು. ಅಜ್ಜಿ ನನ್ನ ಜೊತೆಗೇ ಎದ್ದು ಜಗುಲಿಯಲ್ಲಿ ಗೋಣಿ ಹೊದ್ದು ಕೂರುತ್ತಿದ್ದಳು. ದೊಡ್ಡದಾಗಿ ಬಿಡಿಸು, ಅಪ್ಪ ಬರೋ ತಿಂಗಳು ಅನ್ನುವಳು. ಮೊದಮೊದಲು ನನ್ನ ಚುಕ್ಕಿ ಸೊಟ್ಟ, ಗೆರೆ ಸೇರುತ್ತಿರಲಿಲ್ಲ; ಹದಿನೈದು ದಿನಕ್ಕೆ ಕೈ ಕೂತಿತು. ಒಂದು ದಿನ ಅಜ್ಜಿ, ಅವ್ವ ಎಲ್ಲಿ ಅಂತ ಕೇಳಿದಳು. ಎತ್ತಿಗೆ ಹುಲ್ಲು ಹಾಕ್ತಾ ಅವಳೆ ಅಂದೆ. ದಿನಾ ಇದೇ ಹೊತ್ತಿಗೆ ಎತ್ತಿಗೆ ಹಸಿವಾಗ್ತದಾ ಅಂದಳು. ನಾನು ಹೂಂ ಅಂದೆ. ಅಜ್ಜಿ ನನ್ನನ್ನು ಹತ್ತಿರ ಕರೆದು ನನ್ನ ಬೆರಳು ಮೂಸಿ ನೋಡಿದಳು. ಹಿಟ್ಟಿನ ವಾಸನೆ, ಸಗಣಿಯ ವಾಸನೆ, ಹೂವಿನ ವಾಸನೆ ಇದ್ದಿರಬೇಕು. ಆಮೇಲೆ ಅಪ್ಪ ಬರುವ ಮಾತನ್ನು ಅವಳು ಆಡಲಿಲ್ಲ. ಆಡಲಿಲ್ಲ ಎನ್ನುವುದು ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ.

ಮಾರ್ಗಳಿಯ ಕೊನೆಯ ದಿನ ಮಾವ, ಕಾಮಕ್ಕತ್ತೆ ಕೊಂಬೈಯಿಂದ ಗಾಡಿ ಕಟ್ಟಿಕೊಂಡು ಬಂದರು. ಹೊಸ ಅಕ್ಕಿ, ಬೆಲ್ಲ, ಕಬ್ಬು, ಅಕ್ಕನಿಗೊಂದು ಕೆಂಪು ಸೀರೆ ತಂದಿದ್ದರು. ಮಾರನೆಯ ದಿನ ಪೊಂಗಲ್, ತೈ ತಿಂಗಳ ಮೊದಲ ದಿನ. ಮಡಕೆ ಉಕ್ಕಿದ ಕೂಡಲೇ ಎಲೆ ಅಡಿಕೆ ಬದಲಾಯಿಸಿಕೊಳ್ಳುವುದೆಂದು ಮಾತಾಗಿತ್ತು. ಎಲೆ ಅಡಿಕೆ ಬದಲಾದ ಮೇಲೆ ಸಾವಿನ ಸುದ್ದಿ ಬಂದರೂ ನಮ್ಮಲ್ಲಿ ಹೆಣ್ಣು ಅವರ ಮನೆಯದು, ಬಿಡುವ ಹಾಗಿಲ್ಲ. ಅದಕ್ಕೆ ಮುಂಚೆ ಬಂದರೆ ಸಾವಿನ ಮನೆಯಲ್ಲಿ ಒಂದು ವರ್ಷ ದೀಪ ಇಲ್ಲ, ಕೋಲ ಇಲ್ಲ, ಮದುವೆ ಇಲ್ಲ, ಮಾತೂ ಮುರಿದ ಹಾಗೆ. ಅವ್ವ ಎರಡು ತಿಂಗಳು ಕಳೆದಿದ್ದಳು, ಉಳಿದದ್ದು ಒಂದು ಹೊತ್ತು. ನನಗೆ ಇದೆಲ್ಲ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಮನೆ ಬೀದಿಗೇ ಚೆಂದ ಕಾಣುತ್ತಿದೆ ಎಂದು ಮಾತ್ರ. ಕಾಮಕ್ಕತ್ತೆ ಗಾಡಿಯಿಂದ ಇಳಿದವಳೇ ಗೋಡೆ ನೋಡಿದಳು, ಪಟ್ಟೆ ನೋಡಿದಳು, ಬಗ್ಗಿ ಕೋಲದ ಗೆರೆ ನೋಡಿದಳು, ಗೋಡೆಯಲ್ಲಿ ಸಾಲಾಗಿ ಬಡಿದಿದ್ದ ಬೆರಣಿ ಎಣಿಸಿದಳು. ಕಾರಣ ಸಿಗಲಿಲ್ಲ. ಮನೆ ನಲ್ಲಾ ಇಟ್ಟಿದೀಯ ಅಂತ ಒಪ್ಪಿಕೊಂಡಳು. ಮಾವ ನನ್ನ ಜಡೆ ಹಿಡಿದೆಳೆದು ನಗಿಸಿದ.

“ಏನ್ ನಾಗಿ, ನಿನ್ನೂ ಇದೇ ತೈಲಿ ಮದುವೆ ಮಾಡಿ ತಳ್ಳಿಬಿಡ್ಲಾ? ಮಾಪ್ಳೆ ಬೇಕಂದ್ರೆ ಕೊಟ್ಟಿಗೇಲಿ ಒಬ್ಬನ್ನ ಕಟ್ಟವ್ರೆ, ನಾಕು ಕಾಲು, ಒಂದು ಬಾಲ.”

ಅವ್ವನೂ ನಕ್ಕಳು. ಎಲ್ಲರೂ ಊಟ ಮಾಡಿದರು. ಸಂಜೆಗೆ ಕಾಪು ಕಟ್ಟುವ ಹೊತ್ತಾಯಿತು. ಪೊಂಗಲ್ಲಿನ ಹಿಂದಿನ ಸಂಜೆ ಬೇವಿನ ಸೊಪ್ಪು, ಹಳದಿ ಆವರಿಕೆ ಹೂ, ಹತ್ತಿಯ ಹಾಗೆ ಬೆಳ್ಳಗಿರುವ ಪೂಳೆ ಹೂವಿನ ತೆನೆ, ಮೂರನ್ನೂ ಸೇರಿಸಿ ಹಿಡಿ ಕಟ್ಟಿ ಬಾಗಿಲ ಮೇಲಿನ ಮಾಡಿಗೆ ಸಿಕ್ಕಿಸುತ್ತಾರೆ. ಹಳೆಯ ಕಾಲದ ಪೀಡೆ ಹೊರಗೆ, ಹೊಸ ಕಾಲ ಒಳಗೆ. ಮನೆಯ ಗಂಡಸು ಕಟ್ಟಬೇಕು, ಅವನಿಲ್ಲದಿದ್ದರೆ ಒಡತಿ. ಸೊಪ್ಪು, ಹೂವು ನಾನೂ ಅಕ್ಕನೂ ತಂದಿದ್ದೆವು. ಅವ್ವ ಬಾಳೆ ನಾರು ಸೀಳಿ ಕೊಟ್ಟಳು, ನಾನು ಹಿಡಿ ಕಟ್ಟಿದೆ. ಭಾವ ಬಂದಿಲ್ಲ, ನೀನೇ ಕಟ್ಟು ತಂಗಿ ಅಂದ ಮಾವ. ಅವ್ವ ನನ್ನನ್ನು ಸೊಂಟಕ್ಕೆತ್ತಿಕೊಂಡಳು, ನನ್ನ ಕೈ ಮಾಡಿಗೆ ಎಟುಕಲಿ ಎಂದು. ಕಾಮಕ್ಕತ್ತೆ ಅದನ್ನು ನೋಡಿದಳು.

“ಕೂಸಿನ ಕೈಲಿ ಯಾಕೆ ಕಟ್ಟಿಸ್ತೀಯ ತಿಮ್ಮಿ? ನೀನ್ ಕಟ್ಟು. ನಾಳೆ ಎಲೆ ಬದಲಾಯ್ಸೋ ಮನೆ ಇದು, ಒಡ್ತಿ ಕೈ ಬೀಳಬೇಕು.”

“ಅವಳು ಆಸೆ ಪಡ್ತಾಳೆ ಅತ್ತಿಗೆ. ಇರ್ಲಿ.”

“ಆಸೆ ಪಟ್ರೆ ಆಮ್ಯಾಕೆ ಇನ್ನೊಂದು ಕಟ್ಲಿ. ಮೊದಲ್ನೇದು ನಿಂದು. ಕೈ ನೋವಾ ನಿಂಗೆ?”

ಅವ್ವ ನನ್ನನ್ನು ಕೆಳಗಿಳಿಸಿದಳು. ನನ್ನ ಕೈಯಿಂದ ಹಿಡಿಯನ್ನು ತೆಗೆದುಕೊಂಡಳು. ತೋಳನ್ನು ಮೇಲಕ್ಕೆತ್ತಿದಳು. ಆ ತೋಳು ಇನ್ನೊಂದು ಗೇಣು ಮೇಲೆ ಹೋಗಿದ್ದರೆ ಮುಗಿಯುತ್ತಿತ್ತು, ಅಕ್ಕನ ಬಾಳು ಬೇರೆಯಾಗುತ್ತಿತ್ತು. ಹೋಗುತ್ತಿತ್ತೋ ಇಲ್ಲವೋ, ನಾನು ಹೋಗಲು ಬಿಡಲಿಲ್ಲ. ನನ್ನ ಹಿಡಿ ನನ್ನಿಂದ ಕಿತ್ತುಕೊಂಡಳೆಂದು ನನಗೆ ಸಿಟ್ಟು ಬಂದಿತ್ತು. ನೆಂಟರ ಮುಂದೆ ನನ್ನ ಕೆಲಸ ಅವಳ ಹೆಸರಿಗೆ ಹೋಗುತ್ತದೆಂದು ಅನ್ನಿಸಿತು.

“ಅವ್ವ ಏನೂ ಮಾಡಲ್ಲ ಅತ್ತೆ. ಕಾರ್ತಿಗೆ ದೀಪನೂ ನಾನೇ ಹಚ್ಚಿದ್ದು, ಮೊದಲ್ನೇದು. ಕೋಲ ನಾನೇ, ಹೊಸಿಲು ನಾನೇ, ಹೂವ ನಾನೇ. ಅವ್ವ ಒಂದ್ ಹೂವನ್ನೂ ಮುಟ್ಟಲ್ಲ. ಬಿದ್ರೂ ಎತ್ತಲ್ಲ.”

ಅವ್ವನ ತೋಳು ಇಳಿಯಿತು. ಮಾವನಿಗೆ ಏನೂ ತಿಳಿಯಲಿಲ್ಲ, ಅವನು ಗಂಡಸು. ಕಾಮಕ್ಕತ್ತೆ ಅವ್ವನ ಹಣೆ ನೋಡಿದಳು, ಕೈ ನೋಡಿದಳು, ಕೈಯಲ್ಲಿದ್ದ ಹಿಡಿಯನ್ನು ನೋಡಿದಳು. ಅವಳು ಬಾಯಿ ತೆರೆಯುವ ಮುಂಚೆ ಜಗುಲಿಯಿಂದ ಅಜ್ಜಿ ಕೇಳಿದಳು. ಜೋರಾಗಿ ಕೇಳಲಿಲ್ಲ. ಎತ್ತಿಗೆ ನೀರಿಟ್ಟಾಯ್ತಾ ಎಂದು ಕೇಳುವ ಹಾಗೆ ಕೇಳಿದಳು.

“ತಿಮ್ಮಕ್ಕ, ನನ್ ಮಗ ಯಾವತ್ ಹೋದ?”

ಅವ್ವ ಎರಡು ತಿಂಗಳು ಊರಿಗೆಲ್ಲ ಸುಳ್ಳು ಹೇಳಿದ್ದಳು. ಅಜ್ಜಿಯ ಆ ಮಾತಿಗೆ ಸುಳ್ಳು ಹೇಳಲಿಲ್ಲ.

“ಕಾರ್ತಿಗೆಗೆ ನಾಕ್ ದಿನ ಮುಂಚೆ ಸುದ್ದಿ ಬಂತು ಅತ್ತೆ. ಮಲೆ ಜ್ವರ. ಅಲ್ಲೇ ಮಣ್ಣು ಮಾಡಿದ್ರಂತೆ.”

ಆಮೇಲೆ ಆದದ್ದನ್ನು ಉದ್ದ ಮಾಡುವುದಿಲ್ಲ. ಕಾಮಕ್ಕತ್ತೆ ಹಿತ್ತಿಲಿಗೆ ಓಡಿ ತೊಟ್ಟಿಯ ನೀರನ್ನು ತಲೆಗೆ ಸುರಿದುಕೊಂಡಳು. ಸಾವಿನ ಮನೆಯಲ್ಲಿ ಗೊತ್ತಿಲ್ಲದೆ ಉಂಡಿದ್ದಳು. ಒದ್ದೆ ಸೀರೆಯಲ್ಲೇ ನೆಲಕ್ಕೆ ಕೂತು ನಮ್ಮಪ್ಪನ ಹೆಸರು ಹಿಡಿದು ಅತ್ತಳು. ಆ ಅಳು ಸುಳ್ಳಲ್ಲ, ಅಪ್ಪನ ಮೇಲೆ ಅವಳಿಗೆ ವಿಶ್ವಾಸವಿತ್ತು. ಅತ್ತು ಮುಗಿದ ಮೇಲೆ, ಇನ್ನು ಈ ಸಂಬಂಧ ಬೇಡ ಅಂದಳು, ಅದೂ ಸುಳ್ಳಲ್ಲ. ಮಾವ ಒಂದು ವರ್ಷ ಕಾಯೋಣ ಅಂದ. ಹೆಣದ ಮೇಲೆ ಎರಡು ತಿಂಗಳು ದೀಪ ಹಚ್ಚಿದ ಮನೆ ಇದು, ಇಲ್ಲಿಂದ ಹೆಣ್ಣು ತಂದರೆ ನನ್ನ ಮಗನ ಗತಿ ಏನು ಅಂದಳು ಅವಳು. ಮಾವ ಅವ್ವನ ಕಡೆ ತಿರುಗಿ, ಮುಚ್ಚಿಡಬೇಕಂತ ಇದ್ದವಳು ಪೂರ್ತಿ ಮುಚ್ಚಿಡಬಾರದಿತ್ತಾ, ಒಂದು ದೀಪ ಹಚ್ಚಿಬಿಟ್ಟಿದ್ದರೆ ಯಾರಿಗೆ ಗೊತ್ತಾಗ್ತಿತ್ತು ಎಂದು ಕೇಳಿದ. ತಂಗಿಯನ್ನು ಬೈಯುವುದಕ್ಕೂ ಅವನಿಗೆ ಬಾಯಿ ಬರುತ್ತಿರಲಿಲ್ಲ.

“ನಾನು ಹಣೆಗೆ ಇಟ್ಕೊಂಡದ್ದು ಊರಿಗೆ ಅಣ್ಣ. ಬಾಗ್ಲಿಗೆ ಇಡೋದು ಮಗಳ ಬಾಳಿಗೆ. ಅದನ್ನ ಈ ಕೈಯಲ್ಲಿ ಎಂಗೆ ಇಡ್ಲಿ?”

ಅವ್ವನಿಗೆ ಊರು ಮೋಸಗಾತಿ ಎಂದು ಹೆಸರಿಟ್ಟಿತು, ಅವಳು ಸಾಯುವವರೆಗೂ ಅದು ಹೋಗಲಿಲ್ಲ. ನನ್ನ ಲೆಕ್ಕದಲ್ಲಿ ಅವಳಿಗೆ ಮೋಸ ಮಾಡಲು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಅಕ್ಕ ಇಷ್ಟು ಹೊತ್ತೂ ಒಲೆಯ ಹತ್ತಿರ ಕೆಂಪು ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅಪ್ಪ ಸತ್ತದ್ದು, ಮದುವೆ ಹೋದದ್ದು ಎರಡೂ ಅವಳಿಗೆ ಒಂದೇ ಉಸಿರಿನಲ್ಲಿ ತಿಳಿದವು. ಯಾವುದಕ್ಕೆ ಅಳಬೇಕೆಂದು ಅವಳಿಗೆ ಗೊತ್ತಾಗಲಿಲ್ಲ ಎಂದು ನನಗೆ ತೋರುತ್ತದೆ. ಅವಳು ಸೀರೆಯನ್ನು ಮಡಿಸಿದ ಗೆರೆ ಕೆಡದ ಹಾಗೆ ತಂದು ಕಾಮಕ್ಕತ್ತೆಯ ಬುಟ್ಟಿಯಲ್ಲಿಟ್ಟಳು. ಅವ್ವನನ್ನು ನೋಡಿ ಇಷ್ಟೇ ಅಂದಳು.

“ನಂಗಾದ್ರೂ ಹೇಳ್ಬೇಕಿತ್ತು.”

ನನ್ನ ಕಡೆ ನೋಡಲಿಲ್ಲ. ಮುಂದೆಯೂ ಅವಳು ಈ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಮಾವನ ಮಗ ಆ ಬೇಸಗೆಯಲ್ಲೇ ಬಾವಿಯಿದ್ದ ಹುಡುಗಿಯನ್ನು ಮಾಡಿಕೊಂಡ. ಅಕ್ಕನನ್ನು ಎರಡು ವರ್ಷದ ಮೇಲೆ ಚಿನ್ನಮನೂರಿನಲ್ಲಿ ಹೆಂಡತಿ ಸತ್ತು ಮೂರು ಮಕ್ಕಳಿದ್ದ ಒಬ್ಬನಿಗೆ ಕೊಟ್ಟರು. ಅವನು ಕುಡಿಯುತ್ತಿದ್ದ, ಹೊಡೆಯುತ್ತಿದ್ದ. ನಾನು ಅವಳ ಮನೆಗೆ ಹೋದಾಗೆಲ್ಲ ಅವಳು ಸರಿಯಾಗೇ ಮಾತಾಡಿಸಿದಳು, ಅವರೆಕಾಯಿ ಹುಳಿ ಮಾಡಿ ಬಡಿಸಿದಳು. ಅವಳು ಒಂದು ಸಲ ಬೈದಿದ್ದರೆ ನನಗೆ ಇಷ್ಟು ಭಾರ ಇರುತ್ತಿರಲಿಲ್ಲ. ಮಲೆಯ ಮೇಲೆ ಅಣೆ ಮುಗಿದು ನೀರು ಈ ಕಡೆಗೆ ಇಳಿದ ವರ್ಷ ಊರೆಲ್ಲ ಓಡಿಹೋಗಿ ನೋಡಿತು. ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ.

ಆ ಸಂಜೆ ಮಾವನ ಗಾಡಿ ಹೊರಟ ಮೇಲೆ ಅವ್ವ ಕಾಪಿನ ಹಿಡಿಯನ್ನು ಹಿತ್ತಿಲಿಗೆ ಎಸೆದಳು. ಮಗನದು ಏನು ಬಂತು ಎಂದು ಅಜ್ಜಿ ಕೇಳಿದಳು, ಅವ್ವ ಅಟ್ಟದ ಮೇಲಿನ ಕಂಬಳಿ ಇಳಿಸಿದಳು. ಕಂಬಳಿ ಬಿಚ್ಚಿದಾಗ ಒಳಗಿನಿಂದ ಅಪ್ಪನ ಬೆಳ್ಳಿಯ ಉಡುದಾರ ಬಿತ್ತು. ಬೆಳ್ಳಗಿತ್ತು, ಅಜ್ಜಿಗೆ ಕಂಡಿತು. ಅವಳು ಅದನ್ನು ಎತ್ತಿ ತನ್ನ ಕೈಗೆ ಎರಡು ಸುತ್ತು ಸುತ್ತಿಕೊಂಡಳು. ಊರಿನ ಹೆಂಗಸರು ಬಂದು, ನಾಳೆ ಹಬ್ಬ, ಬೀದಿಯಲ್ಲಿ ಪೊಂಗಲ್ ಮಡಕೆ ಏರುವ ಮುಂಚೆ ನಿಮ್ಮ ಮನೆಯ ಕೆಲಸ ಮುಗಿಸಿಬಿಡಬೇಕು ಎಂದು ಹೇಳಿ ಹೋದರು. ಕೆಲಸ ಅಂದರೆ ಅವ್ವನ ಬಳೆ ಒಡೆದು, ತಾಳಿ ತೆಗೆದು, ತಲೆಗೆ ನೀರು ಹಾಕುವುದು.

ಬೆಳಿಗ್ಗೆ ಬೆಳ್ಳಿ ಮೂಡುವ ಹೊತ್ತಿಗೆ ನನಗೆ ರೂಢಿಯ ಮೇಲೆ ಎಚ್ಚರವಾಯಿತು. ಮಾಡಿನ ಮೇಲೆ ಹೂ ಬಾಯಿ ಬಿಟ್ಟಿದ್ದವು, ಕೊಯ್ಯಲಿಲ್ಲ. ಹಿಂದಿನ ದಿನದ ಕೋಲ ಹೆಂಗಸರ ಕಾಲಿಗೆ ಸಿಕ್ಕಿ ಅರ್ಧ ಅಳಿಸಿತ್ತು, ಉಳಿದರ್ಧಕ್ಕೆ ಸಗಣಿ ನೀರು ಹಾಕಿ ಗುಡಿಸಿದೆ. ಹಿತ್ತಿಲಲ್ಲಿ ಅವ್ವನನ್ನು ಕಲ್ಲಿನ ಮೇಲೆ ಕೂರಿಸಿದ್ದರು. ನೀರು ಕಾಯಿಸಬೇಕಿತ್ತು, ಮಂಜಿಗೆ ಸೌದೆಯೆಲ್ಲ ತೇವ ಹಿಡಿದು ಉರಿ ಹತ್ತುತ್ತಿರಲಿಲ್ಲ, ಹೆಂಗಸರು ಹೊತ್ತಾಯಿತು ಅನ್ನುತ್ತಿದ್ದರು. ನಾನು ಮುಂಭಾಗಕ್ಕೆ ಹೋಗಿ ಸೂರಿನ ಮರೆಯ ಗೋಡೆಯಲ್ಲಿದ್ದ ಒಣ ಬೆರಣಿಗಳನ್ನು ಒಂದೊಂದಾಗಿ ಕಿತ್ತೆ, ಹೊಸ ಸುಣ್ಣವೂ ಚಕ್ಕೆ ಚಕ್ಕೆಯಾಗಿ ಅವುಗಳ ಜೊತೆಗೇ ಎದ್ದು ಬಂತು. ಪ್ರತಿಯೊಂದರ ನಡುವೆ ಒಣಗಿದ ಒಂದು ಹೂವಿತ್ತು. ಲಂಗದಲ್ಲಿ ತುಂಬಿಕೊಂಡು ಬಂದು ನೀರಿನ ಹಂಡೆಯ ಕೆಳಗೆ ಒಟ್ಟಿದೆ. ಯಾರು ಹಚ್ಚುತ್ತೀರಿ ಎಂದು ಒಬ್ಬಳು ಕೇಳಿದಳು. ನಾನೇ ಒಲೆಯಿಂದ ಕೊಳ್ಳಿ ತಂದು ಹಚ್ಚಿದೆ.